ಚೇಳೂರು ಐ.ಜಿ.

ಸಂಶೋಧನಾ ಪತ್ರಿಕೆಯವರು ಲೇಖನವನ್ನು ವಾಪಸು ಕಳಿಸಿದ್ದರು. ಬೇಡವೆಂದೇನಲ್ಲ. ವಿಷಯ ಚೆನ್ನಾಗಿದೆ, ಕೊನೆಯ ಉಲ್ಲೇಖಪಟ್ಟಿ ಮಾತ್ರ ನಮ್ಮ ಕ್ರಮದಲ್ಲಿಲ್ಲ, ಸರಿಮಾಡಿ ಕಳಿಸಿ ಎಂದು ಬರೆದಿದ್ದರು. ಹಾಗಾಗಿ ತುಮಕೂರಿನ ಆ ನರ್ಸಿಂಗ್ ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಊಟದ ಡಬ್ಬಿಗಳೆಲ್ಲ ಮುಚ್ಚಿಕೊಂಡ ಹೊತ್ತಿನಲ್ಲಿ, ಸಂಹಿತಾ ತನ್ನ ಎಂ.ಎಸ್ಸಿ. ವಿದ್ಯಾರ್ಥಿನಿ ದೀಪಿಕಾಳನ್ನು ಪಕ್ಕಕ್ಕೆ ಕೂರಿಸಿಕೊಂಡು ಯಾರ ಹೆಸರು ಮೊದಲು, ಎಲ್ಲಿ ಚುಕ್ಕಿ, ಎಲ್ಲಿ ಅಲ್ಪವಿರಾಮ ಎಂದು ಸಾಲುಸಾಲಾಗಿ ತಿದ್ದುತ್ತಿದ್ದಳು. ಆಪರೇಷನ್ ಆದ ವಯಸ್ಸಾದವರಿಗೆ ಸಂಜೆ ಹೊತ್ತು ಪದ್ಯ ಕೇಳಿಸಿದರೆ ನಿದ್ದೆ ಬರುತ್ತದೆಯೇ ಎನ್ನುವುದು ಇಬ್ಬರೂ ಸೇರಿ ಬರೆದ ಆ ಲೇಖನದ ವಿಷಯ.

"ಇದೇನೇ ಇದು?" ಸಂಹಿತಾ ಒಂದು ಸಾಲಿನ ಮೇಲೆ ಬೆರಳಿಟ್ಟಳು. "ಚೇಳೂರು ಐ.ಜಿ. ಅಂತೆ! ಅಚ್ಚಾದ ಊರನ್ನ ತಂದು ಬರೆದವರ ಜಾಗದಲ್ಲಿ ಕೂರ್ಸಿದೀಯಲ್ಲ. ಗುಬ್ಬೀಲಿ ಬಸ್ ಹತ್ತಿದ್ರೆ ಸಿಗೋ ಊರು ಕಣೇ ಅದು. ಯಾರಾದ್ರೂ ಹೆಸರಿಟ್ಕೊಳ್ತಾರಾ?"

"ಆ ಲೇಖನ ಸೇರ್ಸಿದ್ದು ನಾನೇ ಮ್ಯಾಮ್, ಹೆಸ್ರು ಮಾತ್ರ ಸಾಫ್ಟ್‌ವೇರ್ ತಂದಿರೋದು. ಆದ್ರೂ ಊರಿನ ಹೆಸ್ರಾದ್ರೇನಂತೆ, ನಮ್ ಬಸ್ಸಲ್ಲಿ ಕಂಡಕ್ಟರ್ ನನ್ನ ಕರಿಯೋದೇ ಹಂಗೆ. ಏ ಅಮೃತೂರು, ಒಳಗ್ ಹೋಗಮ್ಮ ಅಂತ."

ಸಂಹಿತಾ ನಕ್ಕು ಆ ಸಾಲನ್ನು ಅಳಿಸಿದಳು. ಕೆಳಗಿನ ಸಾಲುಗಳೆಲ್ಲ ತಾವಾಗಿಯೇ ಮೇಲಕ್ಕೆ ಸರಿದು, ಅಲ್ಲಿ ಯಾರೂ ಇರಲೇ ಇಲ್ಲವೆಂಬಂತೆ ನಿಂತವು. ಅದನ್ನು ನೋಡುತ್ತ ಅವಳು ಅಳಿಸಿದ ಹೆಸರನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಓದಿದಳು. ಚೇಳೂರು. ಐ.

"ತಡಿ ದೀಪಿಕಾ. ಅದನ್ನ ವಾಪಸ್ ತರ್ಸು. ಮೂಲ ಲೇಖನ ತೆಗಿ."

ತೆರೆಯಿತು. ಮಸ್ಕತ್ತಿನ ಒಂದು ಆಸ್ಪತ್ರೆ. ಶೀರ್ಷಿಕೆಯ ಕೆಳಗೆ ಪೂರ್ತಿ ಹೆಸರು: ಇಂಪನಾ ಗಂಗಾಧರ್ ಚೇಳೂರು.

ಇಂಪನಾ, ನರ್ಸಿಂಗ್ ಓದುವಾಗ ಸಂಹಿತಾಳ ಹಾಸ್ಟೆಲ್ ಕೋಣೆಯ ಜೊತೆಗಾತಿ. ಕುಣಿಗಲ್ಲಿನ ಸಂಹಿತಾಳ ಮನೆಯಲ್ಲಿ ತಂದೆ ಸೀತಾರಾಮಯ್ಯನವರು ದೀಪ ಹಚ್ಚಿದ ಮೇಲೆ ಕಾವ್ಯ ಓದುತ್ತಿದ್ದರು. ಅದನ್ನು ಕೇಳುತ್ತಲೇ ಬೆಳೆದ ಅವಳ ಬಾಯಲ್ಲಿ ಪದ್ಯಗಳು ತಾವಾಗಿ ಕೂತುಬಿಟ್ಟಿದ್ದವು. ಕಲಿಯುವ ದಿನಗಳಲ್ಲಿ, ಸೊಂಟದ ಆಪರೇಷನ್ ಆಗಿ ಕಣ್ಣು ಮುಚ್ಚಲಾರದೆ ನರಳುತ್ತಿದ್ದ ಮಹಾಲಕ್ಷ್ಮಮ್ಮ ಎಂಬ ಅಜ್ಜಿಯ ಮಂಚದ ಪಕ್ಕದಲ್ಲಿ ಕೂತು ಒಂದು ಸಂಜೆ ಅವಳು ಮೆಲ್ಲಗೆ ಪದ್ಯ ಹೇಳಿದಳು. ಅಜ್ಜಿ ನಿದ್ದೆಹೋದಳು. ಅಕ್ಕಪಕ್ಕದ ಮಂಚಗಳೂ ಸುಮ್ಮನಾದವು. ಬಾಗಿಲಲ್ಲಿ ಬಿ.ಪಿ. ಮೆಷಿನ್ ಹಿಡಿದು ನಿಂತಿದ್ದ ಇಂಪನಾ, "ಏಳ್ಲೇ ಕುಣಿಗಲ್ ಕುದ್ರೆ, ಸಿಸ್ಟರ್ ನೋಡುದ್ರೆ ಇಬ್ರುನ್ನೂ ಓಡುಸ್ತಾರೆ" ಎಂದಳು. ಹೇಳಿದವಳೇ ಬಂದು ನೆಲದ ಮೇಲೆ ಕೂತು, "ಇನ್ನೊಂದ್ ಹೇಳೇ. ಅಜ್ಜಿಗಲ್ಲ, ನಂಗೆ" ಎಂದಳು.

ಆ ಸಂಜೆಯ ಬಗ್ಗೆ ಸಂಹಿತಾ ಕಾಲೇಜಿನ ವಾರ್ಷಿಕ ಸಂಚಿಕೆಗೆ ಒಂದು ಪುಟ್ಟ ಲೇಖನ ಬರೆದುಕೊಟ್ಟಿದ್ದಳು.

ಆಮೇಲೆ ಇಂಪನಾ ನರ್ಸ್ ಕೆಲಸಕ್ಕೆಂದು ಕೊಲ್ಲಿ ದೇಶಗಳ ಕಡೆ ಹೋದಳು. ಅಲ್ಲೇ ಯಾರನ್ನೋ ಮೆಚ್ಚಿ ಮದುವೆಯಾದಳಂತೆ. ನಂಬರು ಬದಲಾಯಿತು. ವಿಚಾರಿಸಲು ಸಂಹಿತಾ ಚೇಳೂರಿಗೂ ಹೋಗಿಬಂದಳು. ಇಂಪನಾಳ ದೊಡ್ಡಮ್ಮ ಸಿದ್ದಲಕ್ಷ್ಮಮ್ಮ ದೊಡ್ಡ ಲೋಟದ ತುಂಬ ಮಜ್ಜಿಗೆ ತಂದುಕೊಟ್ಟು, "ಕುಡಿಯವ್ವ. ಅವ್ಳ ಸುದ್ದಿ ಬುಡು. ಬೇಕಾದೋನ್ನ ಕಟ್ಕೊಂಡ್ಲು. ಈ ಮನೇಲಿ ಅವ್ಳ ಹೆಸ್ರು ಎತ್ತಂಗಿಲ್ಲ" ಎಂದಿದ್ದಳು. ಹೊರಟು ಜಗಲಿ ಇಳಿಯುವಾಗ ಹಿಂದೆಯೇ ಬಂದು, ಒಳಗಿನವರಿಗೆ ಕೇಳಿಸದ ಹಾಗೆ, "ನಿಂಗಾದ್ರೂ ಫೋನ್ ಮಾಡ್ತಾಳೇನವ್ವ?" ಎಂದಳು. ಇಲ್ಲವೆಂದು ಸಂಹಿತಾ ತಲೆಯಾಡಿಸಿದಾಗ, "ನಿಂಗೂ ಇಲ್ವಾ" ಎಂದಷ್ಟೇ ಹೇಳಿ ಸೆರಗಿನಲ್ಲಿ ಮುಖ ಒರೆಸಿಕೊಂಡಿದ್ದಳು.

ನಿಂಗೂ ಇಲ್ವಾ ಎಂಬುದು ಮುಳ್ಳಿನ ಹಾಗೆ ಒಳಗೇ ಉಳಿಯಿತು. ಮನೆಯವರನ್ನು ಬಿಟ್ಟಳು ಸರಿ, ನನ್ನನ್ನೂ ಮರೆತಳೇ? ಬಿಡುವು ಸಿಕ್ಕಾಗಲೆಲ್ಲ ಸಂಹಿತಾ ಪತ್ರಿಕೆಗಳ ಸೂಚಿಯಲ್ಲಿ, ಕಾಲೇಜಿನಲ್ಲಿ ಬರೆಯುತ್ತಿದ್ದ ಹಾಗೆ, 'ಇಂಪನಾ ಸಿ.ಜಿ.' ಎಂದು ಹಾಕಿ ಹುಡುಕುತ್ತಿದ್ದಳು. ಸಿಗುತ್ತಿರಲಿಲ್ಲ. ಊರಿನ ಹೆಸರಲ್ಲಿ ಹುಡುಕಬೇಕೆಂದು ಹೊಳೆದಿರಲೇ ಇಲ್ಲ.

"ಪಾಸ್‌ಪೋರ್ಟ್ ಕಿತಾಪತಿ ಮ್ಯಾಮ್ ಇದು," ಎಂದಳು ಸಂಹಿತಾಳಿಂದ ಇಷ್ಟೂ ಕೇಳಿದ ದೀಪಿಕಾ. "ಇನಿಷಿಯಲ್ ಬಿಡ್ಸಿ ಬರಿ ಅಂತಾರೆ, ಕೊನೇಲಿ ಇರೋದನ್ನ ಮನೆತನದ ಹೆಸ್ರು ಮಾಡ್ಬಿಡ್ತಾರೆ. ನಮ್ಮಕ್ಕನ್ನ ದುಬೈಲಿ ಎಲ್ರೂ ಮಿಸೆಸ್ ಶಿವರಾಮಯ್ಯ ಅಂತಾರಂತೆ. ಶಿವರಾಮಯ್ಯ ನಮ್ಮಪ್ಪ! ಭಾವ ಉರ್ಕೋತಾನೆ."

ಸಂಹಿತಾ ನಕ್ಕು, ತೆರೆಯ ಮೇಲಿನ ಹೆಸರನ್ನು ಮತ್ತೆ ನೋಡಿದಳು. ಹೆಸರೆತ್ತಬಾರದೆಂದ ಆ ಮನೆಯ ಊರನ್ನೇ ಇಂಪನಾ ಹೆಸರಾಗಿ ಹೊತ್ತುಕೊಂಡು ತಿರುಗುತ್ತಿದ್ದಳು. ಪದ ಕಟ್ಟಿದವರು ತಮ್ಮ ಹೆಸರನ್ನು ಮರೆಮಾಡಿ ತಮ್ಮೂರಿನ ದೇವರ ಹೆಸರಿನಲ್ಲಿ ಪದ ಮುಗಿಸುತ್ತಾರಲ್ಲ, ಹಾಗೆ. ಆ ಅಂಕಿತ ಬಂದಾಗ ಅಪ್ಪ ದನಿ ತಗ್ಗಿಸಿ ಕೈ ಜೋಡಿಸುತ್ತಿದ್ದರು.

ಸಂಹಿತಾ ಇಂಪನಾಳ ಲೇಖನವನ್ನು ಓದತೊಡಗಿದಳು. ಹಲವು ದೇಶಗಳ ಮುದುಕರು, ಹಲವು ಭಾಷೆಗಳು. ಸಂಜೆ ದೀಪ ಸಣ್ಣದು ಮಾಡಿ ಅವರವರ ನುಡಿಯಲ್ಲಿ ಪದ್ಯ ಕೇಳಿಸುವ ನರ್ಸುಗಳು. ಬಾಗಿಲಲ್ಲಿ ನಿಂತವಳು ಎಷ್ಟು ದೂರ ಹೋಗಿದ್ದಾಳೆ! ಕೊನೆಗೆ ಅವಳ ಉಲ್ಲೇಖಪಟ್ಟಿ ಬಂತು. ಅದರ ಕಟ್ಟಕಡೆಯ ಸಾಲು: ಸಂಹಿತಾ ಕೆ.ಎಸ್., 'ವಾರ್ಡಿನಲ್ಲಿ ಒಂದು ಸಂಜೆ', ಕಾಲೇಜು ವಾರ್ಷಿಕ ಸಂಚಿಕೆ, ತುಮಕೂರು.

ತನ್ನ ಹೆಸರು ತಿರುಗುಮುರುಗಾದರೂ ಇಂಪನಾ ಗೆಳತಿಯ ಹೆಸರನ್ನು ನೆಟ್ಟಗೆ ನಿಲ್ಲಿಸಿದ್ದಳು.

"ಮ್ಯಾಮ್, ಇದು ನೀವಾ? ಆದ್ರೆ ಪೇಜ್ ನಂಬರ್ ಇಲ್ವಲ್ಲ. ನಾನ್ ಹಿಂಗ್ ಬಿಟ್ಟಿದ್ರೆ ಬೈತಿದ್ರಿ."

"ಪುಸ್ತಕ ನೋಡಿ ಬರೆದಿಲ್ಲ ಕಣೇ ಅವಳು. ನೆನಪಲ್ಲಿತ್ತು" ಎಂದಳು ಸಂಹಿತಾ. ಕಂಠಪಾಠವಾಗಿದ್ದದ್ದಕ್ಕೆ ಪುಟಸಂಖ್ಯೆ ಎಲ್ಲಿಂದ ಬರಬೇಕು?

ಲೇಖನದಲ್ಲಿದ್ದ ವಿಳಾಸಕ್ಕೆ ಅಲ್ಲೇ ಮೇಲ್ ಬರೆದಳು: 'ಇಂಪಿ, ನಾನು ಕುಣಿಗಲ್ ಕುದುರೆ.' ಅದು ಕಣ್ಣು ಮಿಟುಕಿಸುವುದರೊಳಗೆ ಹಿಂದಿರುಗಿತು. ಅಂಥ ವಿಳಾಸವೇ ಈಗ ಇಲ್ಲವಂತೆ. ಆಸ್ಪತ್ರೆಗೆ ಫೋನು ಹಚ್ಚಿದರೆ, ಆ ಕಡೆಯ ಮಲಯಾಳಿ ಹೆಣ್ಣುಮಗಳು ಪಾಪ ಯಾರ್‍ಯಾರನ್ನೋ ಕೇಳಿಬಂದು, ಸಿಸ್ಟರ್ ಚೇಳೂರು ಬಿಟ್ಟು ಬಹಳ ಕಾಲವಾಯಿತು, ಎಲ್ಲಿಗೆ ಹೋದರೋ ತಿಳಿಯದು ಎಂದಳು.

ಸಂಹಿತಾ ಫೋನನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟಳು. ದೀಪಿಕಾ ಮೆಲ್ಲಗೆ ಉಲ್ಲೇಖಪಟ್ಟಿಯನ್ನು ಮತ್ತೆ ತೆರೆದಳು.

"ಪಟ್ಟೀಲಿ ಇಂಪನಾ ಸಿ.ಜಿ. ಅಂತ ತಿದ್ಲಾ ಮ್ಯಾಮ್?"

ತಿದ್ದು ಎಂಬ ಮಾತು ಸಂಹಿತಾಳ ನಾಲಿಗೆ ತುದಿಗೆ ಬಂದಿತ್ತು. "ಬೇಡ," ಎಂದಳು. "ಅಚ್ಚಾಗಿರೋ ಹಾಗೇ ಇರಲಿ. ನಾವು ತಿದ್ದಿದ್ರೆ, ಹುಡುಕ್ಕೊಂಡು ಹೋದವರಿಗೆ ಅವಳು ಸಿಗಲ್ಲ."

ಮತ್ತೆ ಕಳಿಸುವ ಪುಟದಲ್ಲಿ ಲೇಖಕರ ಕೊನೆಯ ಹೆಸರು ಕೇಳುತ್ತಿತ್ತು. "ನಿಮ್ದಕ್ಕೆ ಕುಣಿಗಲ್ ಅಂತ ಹಾಕ್ಲಾ ಮ್ಯಾಮ್? ಸ್ಟೈಲಾಗಿರತ್ತೆ."

"ಸಂಹಿತಾ ಅಂತ ಹಾಕು. ಮೊದಲ ಹೆಸರಿನ ಜಾಗಕ್ಕೆ ಕೆ.ಎಸ್."

"ತಲೆಕೆಳಗಾಗತ್ತಲ್ಲ."

"ಆಗ್ಲಿ. ಒಬ್ಬಳು ನನ್ನನ್ನ ಹುಡುಕಿದ್ರೆ ಆ ಹೆಸರಲ್ಲೇ ಹುಡುಕ್ತಾಳೆ."

ಕಳಿಸುವ ಮೊದಲು ಇಡೀ ಪಟ್ಟಿಯನ್ನು ಗಟ್ಟಿಯಾಗಿ ಓದುವುದು ಅವಳ ರೂಢಿ. ಅವಳು ಓದಬೇಕು, ದೀಪಿಕಾ ಮೂಲ ನೋಡಿ ಹೂಂ ಎನ್ನಬೇಕು. ಓದುತ್ತಾ ಓದುತ್ತಾ ಆ ಸಾಲಿಗೆ ಬಂದಾಗ ಅವಳ ದನಿ ತಾನಾಗಿ ತಗ್ಗಿತು.

"ಚೇಳೂರು ಐ.ಜಿ."

"ಹೂಂ ಮ್ಯಾಮ್. ಮುಂದಿನದು?"

"ತಡಿ," ಎಂದಳು ಸಂಹಿತಾ. ಅದೇ ಸಾಲನ್ನು ಇನ್ನೊಮ್ಮೆ ಓದಿದಳು.