ಗೇಟಿನ ಸುಂಕ

ಗೇಟಿನ ಹತ್ತಿರ ಅವಳು ಏನು ಮಾಡುತ್ತಾಳೆ?

ಬೂಟಿನ ದಾರ ಬಿಗಿಯುತ್ತಿದ್ದ ಗ್ಯಾರೆತ್‌ನ ತಲೆಯಲ್ಲಿ ಬೇರೆ ಯಾವ ಪ್ರಶ್ನೆಯೂ ಇರಲಿಲ್ಲ. ಸಮುದ್ರದ ಕಡೆಯಿಂದ ಬೀಸುತ್ತಿದ್ದ ಗಾಳಿ ಮಳೆಯನ್ನು ಅಡ್ಡಡ್ಡಲಾಗಿ ತಂದು ಮಾವನ ಮನೆಯ ಕಿಟಕಿಗೆ ಎರಚುತ್ತಿತ್ತು. ಕ್ರಿಸ್ಮಸ್ಸಿನ ಮಾರನೆಯ ದಿನ. ನಾರ್ಥಂಬರ್ಲೆಂಡಿನ ಈ ಕರಾವಳಿಯಲ್ಲಿ ಇಂಥ ಹವೆಗೆ ನಾಯಿ ಕೂಡ ಹೊಸ್ತಿಲು ದಾಟಲು ಹಿಂದೆಮುಂದೆ ನೋಡುತ್ತದೆ. ಮನುಷ್ಯರು ನೋಡುವುದಿಲ್ಲ. ಹಬ್ಬದ ಮಾರನೆಯ ದಿನ ರೂಢಿಯಂತೆ ದೂರ ನಡೆಯಬೇಕು, ನಡೆಯುತ್ತಾರೆ.

“ಅಲ್ಲಿ ನೋಡು, ಬೆಳಕಾಗ್ತಾ ಇದೆ,” ಎಂದರು ಮಾವ ರಾಲ್ಫ್, ಕಪ್ಪು ಮೋಡದತ್ತ ಬೆರಳು ಮಾಡಿ.

“ಎಲ್ಲಿ?”

“ಅಲ್ಲೇ. ನಂಬಿಕೆ ಇರಬೇಕು ಕಣಯ್ಯಾ.”

“ಮದುವೆಯಾದ ದಿನದಿಂದ ಇದೇ ಹೇಳ್ತಿದಾರೆ. ನಾನಂತೂ ಇನ್ನೂ ಬೆಳಕು ಕಂಡಿಲ್ಲ,” ಎಂದರು ಅತ್ತೆ ಮ್ಯೂರಿಯಲ್, ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ.

ಹಿಲರಿ ನಕ್ಕಳು. ಗ್ಯಾರೆತ್ ಕೂಡ ನಕ್ಕ. ಗಂಡಹೆಂಡತಿ ಒಟ್ಟಿಗೆ ನಕ್ಕದ್ದು ಎಷ್ಟು ಸಹಜವಾಗಿ ಕಂಡಿತೆಂದರೆ ಅವನಿಗೆ ಭಯವಾಯಿತು.

ಹಬ್ಬದ ಹಿಂದಿನ ದಿನ ಲೀಡ್ಸ್‌ನ ಮನೆಯ ಮುಂದೆ ಕಾರಿನ ಡಿಕ್ಕಿಗೆ ಉಡುಗೊರೆಗಳನ್ನು ತುಂಬುತ್ತಿದ್ದಾಗ ಹಿಲರಿ ಹೇಳಿದ್ದಳು: “ಹೊಸ ವರ್ಷ ಆದ್ಮೇಲೆ ನಾನು ಬೇರೆ ಇರ್ತೀನಿ, ಗ್ಯಾರೆತ್. ಮನೆ ನೋಡಿದೀನಿ.” ಅವನು ಏನೋ ಕೇಳಲು ಬಾಯಿ ತೆರೆದ. “ಈಗ ಬೇಡ. ಅಪ್ಪ ಅಮ್ಮಂಗೆ ಗೊತ್ತಾಗೋದು ಬೇಡ. ಪಾಪ, ಹಬ್ಬ ಹಾಳಾಗುತ್ತೆ.” ಅವನು ಆಗಲಿ ಎಂದು ತಲೆಯಾಡಿಸಿದ. ಪುಡಿಂಗಿನ ಬಟ್ಟಲು ಉರುಳದ ಹಾಗೆ ಅದಕ್ಕೊಂದು ಕಂಬಳಿ ಒತ್ತಿದ. ದಾರಿಯುದ್ದಕ್ಕೂ ರೇಡಿಯೋ ಹಾಡುತ್ತಿತ್ತು.

ಅಂದಿನಿಂದ ಬಾಯಲ್ಲಿ ಬಿಸಿತುಪ್ಪ. ನುಂಗಲಾರ, ಉಗುಳಲಾರ. ತಲೆಗೆ ಹಬ್ಬದ ಕಾಗದದ ಕಿರೀಟ ಇಟ್ಟುಕೊಂಡು ಬೇಯಿಸಿದ ಟರ್ಕಿ ಕೋಳಿಯನ್ನು ಹೋಳು ಮಾಡಿ ಬಡಿಸಿದ. ಮಾವ ಮನೆಯವರೆಲ್ಲರ ಹೆಸರಿನಲ್ಲಿ ಲೋಟ ಎತ್ತಿದಾಗ ತಾನೂ ಎತ್ತಿದ.

ಉಳಿದದ್ದು ಗೇಟು ಒಂದೇ.

ಕುರಿಹೊಲದ ಕೆಳಗೆ, ದಾರಿ ಸಮುದ್ರದಂಚಿಗೆ ಇಳಿಯುವಲ್ಲಿ ಒಂದು ಕಬ್ಬಿಣದ ಗೇಟಿದೆ. ಸುತ್ತ ಅರ್ಧಚಂದ್ರದ ಬೇಲಿ. ಕುರಿ ದಾಟಲಾಗದು, ಮನುಷ್ಯರು ಒಬ್ಬೊಬ್ಬರಾಗಿ ದಾಟಬಹುದು. ಮೊದಲು ದಾಟಿದವರು ಗೇಟನ್ನು ಹಿಂದಕ್ಕೆ ಒತ್ತಿ ಹಿಡಿಯುತ್ತಾರೆ. ಹಿಂದಿರುವವರು ಒಂದು ಮುತ್ತು ಕೊಟ್ಟರೆ ಮಾತ್ರ ಬಿಡುವುದು. ಆ ಸೀಮೆಯಲ್ಲೆಲ್ಲ ಇರುವ ತಮಾಷೆ. ಮಾವನ ಹೆಸ್ಲಪ್ ಮನೆತನದಲ್ಲಿ ಮಾತ್ರ ಅದು ಶಾಸ್ತ್ರ. ಹಿಮ ಬಿದ್ದು ದಾರಿ ಹೂತುಹೋದ ವರ್ಷ ರಾಲ್ಫ್ ಗುದ್ದಲಿ ಹೊತ್ತು ಹೋಗಿ ಗೇಟನ್ನು ಅಗೆದು ತೆಗೆದು ಹೆಂಡತಿಯಿಂದ ಸುಂಕ ವಸೂಲು ಮಾಡಿದ್ದರು. ಮದುವೆಗೆ ಮೊದಲು ಹಿಲರಿ ಅಲ್ಲಿಯೇ ಗ್ಯಾರೆತ್‌ನನ್ನು ತಡೆದು ನಿಲ್ಲಿಸಿದ್ದಳು. ಅವಳ ಒದ್ದೆ ಕೂದಲು ಅವನ ಬಾಯಿಗೆ ಸಿಕ್ಕಿತ್ತು, ಉಪ್ಪುಪ್ಪಾಗಿತ್ತು. ಕಳೆದ ವರ್ಷದ್ದು ಹೇಗಿತ್ತೆಂದು ನೆನಪಿಸಿಕೊಳ್ಳಲು ಹೋದ. ನೆನಪಾಗಲಿಲ್ಲ.

ಅಪ್ಪ ಅಮ್ಮನ ಎದುರಿಗೆ ಅವಳು ಕೊಡಲೇಬೇಕು. ಕೊಡುವಾಗ ಅವಳಿಗೇ ಗೊತ್ತಿಲ್ಲದ ಏನಾದರೂ ಅವಳ ತುಟಿಗೆ ಗೊತ್ತಿದ್ದರೆ? ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಗ್ಯಾರೆತ್ ವಿಶ್ವವಿದ್ಯಾಲಯದಲ್ಲಿ ನೀತಿಶಾಸ್ತ್ರ ಕಲಿಸುವವನು. ಪ್ರೀತಿಯಿಂದ ಮಾಡಿದ್ದಕ್ಕಿಂತ ಕರ್ತವ್ಯವೆಂದು ಮಾಡಿದ ಕೆಲಸಕ್ಕೇ ಬೆಲೆ ಹೆಚ್ಚು ಎಂದು ಪ್ರತಿ ವರ್ಷ ಗಂಟಲು ಹರಿದುಕೊಂಡು ಹೇಳುತ್ತಾನೆ. ತರಗತಿಯ ಆ ಮೇಷ್ಟರನ್ನು ಈಗ ಈ ಗಾಳಿಯಲ್ಲಿ ತಂದು ನಿಲ್ಲಿಸಬೇಕಿತ್ತು.

ನಡೆದರು. ಮುಂದೆ ಮಾವನ ನಾಯಿ, ಹಿಂದೆ ಹಿಲರಿ, ಆಮೇಲೆ ಉಳಿದವರು. ಮಾತೆಲ್ಲ ಗಾಳಿಯ ಪಾಲಾಗುತ್ತಿತ್ತು. ಗೋಡೆಯೊಂದರ ಮರೆಯಲ್ಲಿ ನಿಂತು ಚಹಾ ಬಗ್ಗಿಸಿದಾಗ ಮ್ಯೂರಿಯಲ್ ಮೊದಲ ಲೋಟವನ್ನು ಅವನಿಗೆ ಕೊಟ್ಟರು. ಯಾವಾಗಲೂ ಅದು ರಾಲ್ಫ್‌ರದು.

“ಕುಡಿ ಕಂದ. ಕೈ ಬೆಚ್ಚಗಾಗ್ಲಿ.”

“ನನ್ನ ಕೈಗವಸು ಹಾಕ್ಕೋ,” ಎಂದರು ರಾಲ್ಫ್. “ನಂಗೆ ಜೇಬಿದೆ.”

ಇವರಿಗೆ ನಾನು ಬೇಕಾದವನು, ಅಂದುಕೊಂಡ ಗ್ಯಾರೆತ್. ಕೈಗವಸು ಹಾಕಿಕೊಂಡ. ಹಿಲರಿ ನಾಯಿಯ ಕಿವಿಯಿಂದ ಮುಳ್ಳು ಬಿಡಿಸುತ್ತಿದ್ದಳು.

ಕುರಿಹೊಲದ ತುದಿಯಲ್ಲಿ ದಾರಿ ಕವಲಾಗುತ್ತದೆ. ರಾಲ್ಫ್ ಅಲ್ಲಿ ನಿಂತರು.

“ಈ ಸಲ ರಸ್ತೆ ಮೇಲೇ ಹೋಗ್ಬಿಡೋಣ ಅಂತ,” ಎಂದರು. “ಕೆಳಗಡೆ ಕೆಸರು ಜಾಸ್ತಿ.”

“ಕೆಸರಾ?”

“ಹೂಂ. ಕೆಸರು.”

“ನನ್ನ ಮಂಡಿ ಬೇರೆ,” ಎಂದರು ಮ್ಯೂರಿಯಲ್.

“ನಾಯೀಗೂ ಸುಸ್ತಾಗಿದೆ,” ಎಂದರು ರಾಲ್ಫ್.

ಒಂದೇ ಕಾರಣ ಕೊಟ್ಟಿದ್ದರೆ ನಂಬಬಹುದಿತ್ತು. ಮೂರು ಕಾರಣಗಳೂ ಅವನ ಎದುರಿಗೆ ಸಾಲಾಗಿ ನಿಂತವು. ನಾಯಿ ಬಾಲ ಅಲ್ಲಾಡಿಸುತ್ತ ಗೇಟಿನ ದಾರಿಗೆ ಆಗಲೇ ಓಡಿತ್ತು, ರಾಲ್ಫ್ ಶಿಳ್ಳೆ ಹಾಕಿ ಕರೆದರು. ಯಾರೂ ಗ್ಯಾರೆತ್‌ನ ಮುಖ ನೋಡಲಿಲ್ಲ.

ಅತ್ತೆ ಮಾವ ನಾಲ್ಕು ಹೆಜ್ಜೆ ಮುಂದೆ ಹೋಗಲೆಂದು ಕಾದು ಅವನು ಹಿಲರಿಯ ತೋಳು ಮುಟ್ಟಿದ.

“ಹೇಳಿಬಿಟ್ಟೆಯಾ?”

“ಅಮ್ಮ ಕೇಳಿದ್ಳು.”

“ಯಾವಾಗ? ನಿನ್ನೆಯಾ?”

“ಫೋನಲ್ಲಿ.” ಅವಳು ಟೋಪಿಯನ್ನು ಕಿವಿಯ ಮೇಲೆ ಎಳೆದುಕೊಂಡಳು. “ನವೆಂಬರಲ್ಲಿ.”

ನವೆಂಬರ್‌. ಅವನಿಗೆ ಹೇಳುವ ಮೊದಲೇ. ಅವನಿಗೆಂದು ಅತ್ತೆ ಉಣ್ಣೆಯ ಸ್ವೆಟರ್ ಹೆಣೆಯುವಾಗ ಗೊತ್ತಿತ್ತು. ಮಾವ ಲೋಟ ಎತ್ತುವಾಗ ಗೊತ್ತಿತ್ತು. ಗುಟ್ಟು ಬಯಲಾಗಬಾರದೆಂದು ಅವನು ಬೆವರುತ್ತಿದ್ದಾಗ ಉಳಿದ ಮೂವರೂ ಅವನಿಗೆ ನೋವಾಗಬಾರದೆಂದು ಬೆವರುತ್ತಿದ್ದರು. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡಂತಾಯಿತು.

“ಮತ್ತೆ ಅವರಿಗೆ ಗೊತ್ತಾಗೋದು ಬೇಡ ಅಂದಿದ್ದು?”

“ನಿಂಗೆ ಸುಲಭ ಆಗ್ಲಿ ಅಂತ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

“ನಾನು ಕೆಳಗಿನ ದಾರೀಲೇ ಬರ್ತೀನಿ,” ಎಂದ, ಎಲ್ಲರಿಗೂ ಕೇಳುವಂತೆ. “ಮನೇಲಿ ಸಿಗೋಣ.”

ರಾಲ್ಫ್ ನಾಯಿಯ ಕೊರಳಪಟ್ಟಿ ಹಿಡಿದುಕೊಂಡರು.

“ಜಾರುತ್ತೆ. ನೋಡ್ಕೊಂಡು ಹೋಗಪ್ಪಾ,” ಎಂದರು ರಾಲ್ಫ್.

ಇಳಿದ. ತಿರುಗಿ ನೋಡಲಿಲ್ಲ. ತಿರುಗಿ ನೋಡದಿದ್ದರೆ ಅವಳಿಗೆ ಮನಸ್ಸು ಬದಲಾಯಿಸಲು ಸಮಯ ಸಿಕ್ಕಂತೆ ಎಂದು ಅವನ ಲೆಕ್ಕ. ಅತ್ತುಬಿಟ್ಟ. ಇಂಥ ಹವೆಯ ಒಂದೇ ಉಪಕಾರವೆಂದರೆ ಅದು, ಯಾರ ಮುಖದ ನೀರು ಯಾವುದೆಂದು ಯಾರೂ ಕೇಳುವುದಿಲ್ಲ. ಹತ್ತೊಂಬತ್ತರ ಹುಡುಗನ ಹಾಗೆ ಅವಳ ಹೆಸರು ಹಿಡಿದು ಬಿಕ್ಕಿದ. ಅವಳು ಬೇಕಿತ್ತು. ಬೇರೇನೂ ಬೇಡವಾಗಿತ್ತು.

ಗೇಟಿನ ಬಳಿ ಕೆಸರಿರಲಿಲ್ಲ. ಯಾರೋ ಜಲ್ಲಿ ಹಾಸಿದ್ದರು.

ಬೇಲಿಯೊಳಗೆ ನುಸುಳಿ ಆಚೆ ದಾಟಿದ. ದಾಟಿದ ಮೇಲೆ ಕೈ ತನ್ನಷ್ಟಕ್ಕೆ ತಾನು ಹಿಂದಕ್ಕೆ ಹೋಗಿ ಗೇಟನ್ನು ಒತ್ತಿ ಹಿಡಿಯಿತು. ಬಂದ ದಾರಿಯನ್ನು ನೋಡುತ್ತ ನಿಂತ. ಹೊಲ, ಕುರಿಗಳ ಬೆನ್ನು, ಮಳೆ.

“ಸುಂಕಕ್ಕೆ ಕಾಯ್ತಿದೀರಾ?”

ಬೆಚ್ಚಿಬಿದ್ದ. ಸಮುದ್ರದ ಕಡೆಯಿಂದ ಮುದುಕ ಮುದುಕಿ ಏರಿ ಬಂದಿದ್ದರು. ಇಬ್ಬರದೂ ಹಳದಿ ಮಳೆಯಂಗಿ. ಮುದುಕನ ಮೂಗಿನ ತುದಿಯಲ್ಲಿ ಒಂದು ಹನಿ ತೂಗುತ್ತಿತ್ತು.

“ಹೌದು,” ಎಂದ ಗ್ಯಾರೆತ್. ಇಲ್ಲ ಎನ್ನಲು ಬಾಯಿ ಬರಲಿಲ್ಲ. ಗೇಟು ಬಿಟ್ಟು ಪಕ್ಕಕ್ಕೆ ಸರಿಯಲು ಹೋದ. “ನೀವು ಹೋಗಿ, ಪರವಾಗಿಲ್ಲ.”

“ಛೆ ಛೆ, ಬಿಡಬೇಡಿ ತಮ್ಮಾ! ಬಿಟ್ರೆ ಪುಕ್ಕಟೆ ದಾಟಿಬಿಡ್ತಾರೆ,” ಎಂದ ಮುದುಕ. “ಇವಳು ಒಂದ್ಸಲ ಹಾಗೇ ಮಾಡಿದ್ಳು.”

“ಸುಳ್ಳು. ನಾನು ಯಾವತ್ತೂ ಬಾಕಿ ಉಳಿಸಿಲ್ಲ,” ಎಂದಳು ಮುದುಕಿ. “ನಿಮ್ಮವರು ಬಂದ್ಬಿಡ್ಲಿ. ನಮಗೇನೂ ಅವಸರ ಇಲ್ಲ.”

“ಅವಳು ನಿಧಾನ,” ಎಂದ ಗ್ಯಾರೆತ್.

“ನಾವೂ ನಿಧಾನವೇ.”

ಗಾಳಿ ಇನ್ನಷ್ಟು ಬಿರುಸಾಯಿತು. ಗೇಟು ನಡುಗಿತು. ಗ್ಯಾರೆತ್ ಎರಡೂ ಕೈಗಳಿಂದ ಅದನ್ನು ಒತ್ತಿ ಹಿಡಿದುಕೊಂಡ. ಗಂಡಹೆಂಡತಿ ಮುತ್ತು ಕೊಡುವುದನ್ನು ನೋಡುವುದು ಸಭ್ಯತೆಯಲ್ಲವೆಂದು ಮುದುಕ ಮುದುಕಿಯರಿಬ್ಬರೂ ಅವನಿಗೆ ಬೆನ್ನು ತಿರುಗಿಸಿ, ಮಳೆಗೆ ಮುಖ ಕೊಟ್ಟು, ಕಾಯುತ್ತ ನಿಂತರು.