ಸದಾಶಿವಯ್ಯನವರ ಮರದಿಂದ ಬಿದ್ದ ಕಾಯಿ

ನಮ್ಮ ಕಡೆ ಯಾರಿಗೇ ತಲೆ ಒಡೆಯಲಿ, ಆಸ್ಪತ್ರೆಯಲ್ಲಿ ಹೇಳುವ ಮಾತು ಒಂದೇ: ಕಾಯಿ ಬಿತ್ತು. ತೆಂಗಿನ ಸೀಮೆಯಲ್ಲಿ ಈ ಮಾತನ್ನು ಸುಳ್ಳು ಅನ್ನುವುದು ಕಷ್ಟ. ಕಾಯಿ ಬೀಳುವುದು ನಿಜ, ತಲೆ ಒಡೆಯುವುದೂ ನಿಜ. ಎರಡೂ ಒಂದೇ ಗಳಿಗೆಯಲ್ಲಿ ಕೂಡಿಬರುವುದು ಮಾತ್ರ ಅಪರೂಪ.

ಹೊಂಬಾಳಮ್ಮನ ಸಾರಾಯಿ ಅಂಗಡಿ ಕೆಂಕೆರೆಗೆ ಹೋಗುವ ದಾರಿಯಲ್ಲಿತ್ತು. ಗಂಡ ತೀರಿಕೊಂಡ ಮೇಲೆ ಲೈಸೆನ್ಸು ಅವಳ ಹೆಸರಿಗೆ ಬಂದಿತ್ತು. ಇಬ್ಬರು ಹೆಣ್ಣುಮಕ್ಕಳು, ತೋಟವಿಲ್ಲ, ಹೊಲವಿಲ್ಲ. ಆ ಅಂಗಡಿ ನಡೆದರೆ ಮನೆಯಲ್ಲಿ ಒಲೆ ಉರಿಯಬೇಕು. ಕಟ್ಟಡ ಸದಾಶಿವಯ್ಯನವರದು. ಅವರು ದಿನಾ ಪೂಜೆ ಮಾಡುವ ಜನ, ಸಾರಾಯಿಯ ವಾಸನೆ ಸಹ ಆಗದು. ಅದಕ್ಕೇ ಬಾಡಿಗೆಯನ್ನು ಮನೆಗೇ ತರಿಸಿಕೊಳ್ಳುತ್ತಿದ್ದರು.

ಅಬಕಾರಿ ಇನ್ಸ್‌ಪೆಕ್ಟರು ಹೊಂಬಾಳಮ್ಮನಿಗೆ ಮೊದಲೇ ಬಿಡಿಸಿ ಹೇಳಿದ್ದರು. "ಅಂಗಡಿ ಒಳಗೆ ಹೊಡೆದಾಟ ಆಗಿ ರಕ್ತ ಬಂದ್ರೆ ಅವತ್ತೇ ಠಾಣೆಗೆ ತಿಳಿಸಮ್ಮ. ತಿಳಿಸಿದ್ರೆ ಹೊಡೆದವನ ಮೇಲೆ ಕೇಸು. ಮುಚ್ಚಿಟ್ಟು ಆಮೇಲೆ ಗೊತ್ತಾದ್ರೆ ನಿನ್ನ ಲೈಸೆನ್ಸು ಹೋಯ್ತು ಅಂತ್ಲೇ ತಿಳ್ಕೊ."

ಎಪ್ಪತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ಆ ರಕ್ತ ಬಂತು. ಮಾಯಣ್ಣ, ನಂಜುಂಡಪ್ಪ ಇಬ್ಬರೂ ಕಾಯಿ ಸುಲಿಯುವವರು, ಇಬ್ಬರೂ ಸದಾಶಿವಯ್ಯನವರ ಮನೆಯಲ್ಲೇ ಕೆಲಸಕ್ಕಿದ್ದವರು. ವರ್ಷದಿಂದ ಅಟ್ಟದ ಮೇಲೆ ಒಣಗಿದ್ದ ಕಾಯಿ ಇಳಿಸಿ, ಸುಲಿದು, ಕೊಬ್ಬರಿ ತೆಗೆದು ತಿಪಟೂರಿಗೆ ಕಳಿಸುವ ಕಾಲ. ಸಂಜೆ ಕೈ ತೊಳೆದು ಇಬ್ಬರೂ ಅಂಗಡಿಗೆ ಬಂದರು. ಮಾತು ಕೆಲಸದಿಂದ ಶುರುವಾಯಿತು.

"ನೀನು ಗುಡಿಗೆ ಸುಲಿದುಕೊಟ್ಟ ಕಾಯಿ ನೋಡ್ದೆ ಕಣ್ಲಾ," ಅಂದ ನಂಜುಂಡಪ್ಪ. "ಒಂದಕ್ಕೂ ಜುಟ್ಟಿಲ್ಲ. ಪೂಜಾರಪ್ಪ ಅದನ್ನ ಸಾರಿಗೆ ಹಾಕ್ಕೊಂಡನಂತೆ."

"ನಿನ್ನ ಹಂಗೆ ಒಂದು ಕಾಯಿ ಹಿಡ್ಕೊಂಡು ತಲೆ ಬಾಚ್ತಾ ಕೂತ್ರೆ ಸಂಜೆಗೆ ಜುಟ್ಟೊಂದೇ ಉಳೀತದೆ ಬುಡು."

"ತಲೆ ಬಾಚೋಕೆ ನಿನಗೆ ತಲೆ ಇದ್ರಲ್ವೇನ್ಲಾ?"

ಮಾಯಣ್ಣ ಅಲ್ಲಿವರೆಗೆ ನಗುತ್ತಲೇ ಇದ್ದ. ಸುತ್ತ ಕೂತವರು ನಕ್ಕಾಗ ಅವನ ನಗು ನಿಂತಿತು. ಖಾಲಿ ಬಾಟ್ಲಿ ಎತ್ತಿ ತಲೆಗೇ ಹೊಡೆದ. ನಂಜುಂಡಪ್ಪ ಬೆಂಚಿನ ಕೆಳಗೆ ಬಿದ್ದ.

ಹೊಂಬಾಳಮ್ಮ ಗಾಯಕ್ಕೆ ಬಟ್ಟೆ ಒತ್ತಿ ಹಿಡಿದು, ಗಾಡಿ ಕಟ್ಟಲು ಹೇಳಿ, ತಾನು ಠಾಣೆಗೆ ಹೊರಟಳು. ಅಷ್ಟರಲ್ಲಿ ಸುದ್ದಿ ಹೋಗಿ ಸದಾಶಿವಯ್ಯನವರು ಬಂದರು. ಅಂಗಡಿ ಹೊಸ್ತಿಲು ತುಳಿಯದೆ ಬೀದಿಯಲ್ಲೇ ನಿಂತು ಅವಳನ್ನು ಕರೆದರು.

"ಎಲ್ಲಿಗೆ ಹೊಂಟೆ ಹೊಂಬಾಳಮ್ಮ?"

"ಠಾಣೆಗೆ, ಸ್ವಾಮಿ."

"ಮಾಯಣ್ಣನ್ನ ಪೊಲೀಸ್ರು ಎಳ್ಕೊಂಡು ಹೋದ್ರೆ ನನ್ನ ಅಟ್ಟದ ಕಾಯಿ ನೀನು ಸುಲೀತೀಯಾ? ಧಾರಣೆ ಇಳಿಯೋದ್ರೊಳಗೆ ಮಾಲು ತಿಪಟೂರು ಸೇರಬೇಕು. ಇಬ್ರಿಗೂ ವೀಳ್ಯ ಕೊಡಿಸಿ ಇಲ್ಲೇ ರಾಜಿ ಮಾಡಿ ಮುಗಿಸ್ತೀನಿ."

"ತಿಳಿಸ್ಲಿಲ್ಲ ಅಂತ ನನ್ನ ಲೈಸೆನ್ಸು ಹೋದ್ರೆ?"

"ಕಟ್ಟಡ ನಂದು ಕಣಮ್ಮ. ಅದು ಹೋದ್ರೆ ಲೈಸೆನ್ಸು ಇಟ್ಕೊಂಡು ಮರದ ಕೆಳಗೆ ಕೂರ್ತೀಯಾ? ಯೋಚ್ನೆ ಮಾಡು."

ಅವಳು ಯೋಚನೆ ಮಾಡಿದಳು. ಎರಡು ಕಡೆಯೂ ಬಾವಿ. ಹತ್ತಿರದ ಬಾವಿ ಇವರದು. ವಾಪಸು ಬಂದು ನೆಲಕ್ಕೆ ನೀರು ಹಾಕಿ ತೊಳೆದಳು.

ನಂಜುಂಡಪ್ಪನನ್ನು ಆಸ್ಪತ್ರೆಗೆ ಸದಾಶಿವಯ್ಯನವರೇ ಕರೆದುಕೊಂಡು ಹೋದರು. ಮನಸ್ಸಿನಲ್ಲಿ ಕೆಟ್ಟವರಲ್ಲ. ಕಾಯಿ ಬಿತ್ತು ಅಂದರು. ಡಾಕ್ಟರು ಹೊಲಿಗೆ ಹಾಕುತ್ತಾ, "ಯಾರ ತೋಟದಲ್ಲಿ?" ಅಂತ ಕೇಳಿದರು. ಬೇರೆಯವರ ಹೆಸರು ಹೇಳಲು ಬಾಯಿ ಬರಲಿಲ್ಲ. "ನಮ್ಮದೇ," ಅಂದುಬಿಟ್ಟರು. ಜೊತೆಗೆ ಬಂದಿದ್ದ ನಂಜುಂಡಪ್ಪನ ಹೆಂಡತಿ ಬೋರಮ್ಮ ಆ ಮಾತನ್ನು ಕೇಳಿಸಿಕೊಂಡಳು.

ತೋಟದಲ್ಲಿ ಪೆಟ್ಟಾದವನು ಎದ್ದು ಕೆಲಸಕ್ಕೆ ಹೋಗುವ ತನಕ ತೋಟದವರ ಮನೆಯ ರಾಗಿ ಅವನ ಮನೆಗೆ ಹೋಗಬೇಕು. ಇದು ಆ ಊರಲ್ಲಿ ಹಿಂದಿನಿಂದ ಬಂದ ಕಟ್ಟು, ಸದಾಶಿವಯ್ಯನವರ ತಂದೆಯೇ ಎಷ್ಟೋ ಜನಕ್ಕೆ ಅಳೆದುಕೊಟ್ಟಿದ್ದರು. ಮೂರನೇ ದಿನ ಬೋರಮ್ಮ ಬಿದಿರಿನ ಮಂಕರಿ ಹಿಡಿದು ಅವರ ಜಗಲಿ ಮುಂದೆ ನಿಂತಳು. ಜಗಲಿಯ ಮೇಲೆ ನಾಕು ಜನ ಕೂತಿದ್ದ ಹೊತ್ತು ನೋಡಿಕೊಂಡೇ ಬಂದಿದ್ದಳು.

"ನಿಮ್ಮ ಮರದ ಕಾಯಿ ಬಿದ್ದು ಮನಿಕ್ಕೊಂಡವ್ರೆ, ಸ್ವಾಮಿ."

ಸದಾಶಿವಯ್ಯನವರು ಅವಳ ಮುಖ ನೋಡಿದರು. ಅವಳು ಮಂಕರಿ ನೋಡುತ್ತಿದ್ದಳು. ಒಳಗಿನಿಂದ ಅವರ ಹೆಂಡತಿ ಸರ್ವಮಂಗಳ ರಾಗಿ ತಂದು ಸುರಿದರು.

ಆಮೇಲೆ ವಾರ ವಾರವೂ ಮಂಕರಿ ಬಂತು. ಗಾಯ ಒಣಗಿತು, ಹೊಲಿಗೆ ಬಿಚ್ಚಿದರು, ಆದರೆ ನಂಜುಂಡಪ್ಪನಿಗೆ ತಲೆಸುತ್ತು ನಿಲ್ಲಲಿಲ್ಲ. ಬೆಳಗಿನ ಹೊತ್ತು ಜಾಸ್ತಿ ಸುತ್ತುತ್ತಿತ್ತು. ಸಂಜೆ ಅಂಗಡಿ ತನಕ ನಡೆಯುವಷ್ಟು ಕಡಿಮೆಯಾಗುತ್ತಿತ್ತು. ಇದನ್ನು ನೋಡಿ ಗಿಡ್ಡಯ್ಯ ಅನ್ನುವವನು ಕುಂಟುತ್ತಾ ಬಂದು, ನಿಮ್ಮ ತೋಟದ ಬದುವಿನಲ್ಲೇ ಕಾಲು ಉಳುಕಿತು ಅಂದ. ಯಾವ ಕಾಲು ಅಂತ ಕೇಳಿದರೆ ಅವನೇ ಸ್ವಲ್ಪ ಯೋಚನೆ ಮಾಡಬೇಕಾಯಿತು.

ಆ ಮಧ್ಯಾಹ್ನ ಸದಾಶಿವಯ್ಯನವರು ಹೊಂಬಾಳಮ್ಮನನ್ನು ಮನೆಗೆ ಕರೆಸಿದರು. ಅಟ್ಟ ಖಾಲಿಯಾಗಿತ್ತು, ಕೊಬ್ಬರಿ ತಿಪಟೂರು ಸೇರಿಯಾಗಿತ್ತು.

"ನೋಡಮ್ಮ, ನಡೆದದ್ದು ನಡೆದಂಗೆ ಠಾಣೆಗೆ ಹೇಳಿಬುಡು. ನಿನ್ನ ಅಂಗಡೀಲಿ ಆಗಿದ್ದು ನನ್ನ ತೋಟದ ತಲೆಗೆ ಯಾಕೆ?"

"ಅವತ್ತು ಹೊಂಟೋಳ್ನ ನಿಲ್ಸಿದ್ದು ಯಾರು, ಸ್ವಾಮಿ?"

"ಅವತ್ತಿನ ಮಾತು ಬೇರೆ."

"ಅವತ್ತು ಹೇಳಿದ್ರೆ ಮಾಯಣ್ಣನ ಮೇಲೆ ಕೇಸು. ಇವತ್ತು ಹೇಳಿದ್ರೆ ನನ್ನ ಅಂಗಡಿಗೆ ಬೀಗ. ನನ್ನ ಹುಡುಗೀರ್ಗೆ ರಾಗಿ ಯಾರು ಅಳೀತಾರೆ? ನೀವಾ?"

ಹಾಗಂದರೂ ಅವಳು ಎದ್ದು ಹೋಗಲಿಲ್ಲ. ಮುಚ್ಚಿಟ್ಟ ದಿನದಿಂದ ಅವಳಿಗೂ ನೆಮ್ಮದಿ ಇರಲಿಲ್ಲ. ಅಬಕಾರಿ ಜೀಪು ದಾರಿಯಲ್ಲಿ ಹೋದರೂ ಕೈಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬರುತ್ತಿದ್ದಳು. ಮಾಯಣ್ಣನೂ ಬದಲಾಗಿದ್ದ. ಒಂದು ಸಲ ದಕ್ಕಿತು ಅಂತ ಯಾರ ಮೇಲೆ ಸಿಟ್ಟು ಬಂದರೂ ಬಾಟ್ಲಿ ಕಡೆ ಕಣ್ಣು ಹಾಯಿಸುತ್ತಿದ್ದ. ಇನ್ನೊಬ್ಬನ ತಲೆ ಒಡೆದು ಅವನು ಸತ್ತೇಹೋದರೆ ಯಾವ ಕಾಯಿಯ ಮೇಲೆ ಹೇಳುವುದು?

"ಹೇಳ್ತೀನಿ," ಅಂದಳು ಕೊನೆಗೆ. "ಆದ್ರೆ ನೀವೂ ಬರಬೇಕು. ಇಷ್ಟು ದಿನ ಯಾಕೆ ತಡ ಅಂತ ಕೇಳೇ ಕೇಳ್ತಾರೆ. ಅದಕ್ಕೆ ನಾನು ಬಾಯಿ ಬಿಡಲ್ಲ. ಅದು ನಿಮ್ಮ ಮಾತು."

"ನಾನು ಠಾಣೆ ಮೆಟ್ಲು ಹತ್ತಿದೋನಲ್ಲ ಕಣಮ್ಮ."

"ನಾನೂ ಹತ್ತಿಲ್ಲ. ಹತ್ತೋಕೆ ನೀವು ಬಿಡಲಿಲ್ಲ."

ಒಳಬಾಗಿಲಲ್ಲಿ ನಿಂತಿದ್ದ ಸರ್ವಮಂಗಳ, "ಹೋಗಿಬನ್ರೀ," ಅಂದರು. "ಗಿಡ್ಡಯ್ಯನ ಕಾಲಿಗೂ ಅಳೆಯೋಕೆ ನನ್ನ ಕೈಲಾಗಲ್ಲ."

ಠಾಣೆಯಲ್ಲಿ ದಫೇದಾರ್ ಶ್ರೀರಂಗಯ್ಯ ಇದ್ದರು. ಹೊಂಬಾಳಮ್ಮ ಯಾರು ಹೊಡೆದದ್ದು, ಯಾರಿಗೆ, ಯಾವುದರಲ್ಲಿ, ಎಲ್ಲವನ್ನೂ ನೇರವಾಗಿ ಹೇಳಿದಳು. ಅವರು ಕೇಳಿ ಮುಗಿಸಿ ಕನ್ನಡಕ ತೆಗೆದರು.

"ಇಷ್ಟು ದಿನ ಏನಮ್ಮ ಮಾಡ್ತಿದ್ದೆ?"

ಅವಳು ಪಕ್ಕಕ್ಕೆ ತಿರುಗಿ ನೋಡಿದಳು. ಸದಾಶಿವಯ್ಯನವರು ಶಲ್ಯ ಸರಿಮಾಡಿಕೊಂಡರು. ಮತ್ತೊಮ್ಮೆ ಸರಿಮಾಡಿಕೊಂಡರು.

"ಅವತ್ತೇ ಬರ್ತಿದ್ಲು," ಅಂದರು. "ನಾನೇ ತಡೆದೆ."

"ಆಸ್ಪತ್ರೇಲಿ ಕಾಯಿ ಬಿತ್ತು ಅಂದೋರು?"

"ಅದೂ ನಾನೇ."

"ಒಳ್ಳೆ ಮರ ಬೆಳೆಸಿದೀರಿ, ಸ್ವಾಮಿ," ಅಂದರು ಶ್ರೀರಂಗಯ್ಯ. ನಗಲಿಲ್ಲ. ಇಬ್ಬರ ಮಾತನ್ನೂ ಬರೆದುಕೊಂಡರು.

ಮಾಯಣ್ಣನ ಮೇಲೆ ಕೇಸಾಯಿತು, ಕೋರ್ಟಿನಲ್ಲಿ ದಂಡ ಕಟ್ಟಿದ. ಅಬಕಾರಿಯವರು ಬಂದು ಅಂಗಡಿಗೆ ಹದಿನೈದು ದಿನ ಬೀಗ ಹಾಕಿದರು. ತಾನಾಗಿ ಬಂದು ಹೇಳಿದ್ದಕ್ಕೆ, ತಡೆದವರು ಒಪ್ಪಿಕೊಂಡದ್ದಕ್ಕೆ, ಲೈಸೆನ್ಸು ಉಳಿಯಿತು. ಕಟ್ಟಡ ಬಿಡು ಅಂತ ಸದಾಶಿವಯ್ಯನವರು ಅನ್ನಲಿಲ್ಲ. ನಂಜುಂಡಪ್ಪನ ತಲೆಸುತ್ತು ಆ ವಾರವೇ ವಾಸಿಯಾಯಿತು.

ಬೀಗ ತೆಗೆದ ದಿನ ಸಂಜೆ ಮಾಯಣ್ಣ ಬಂದು ಬಾಗಿಲ ಹೊರಗೇ ನಿಂತ.

"ನಂಜುಂಡಪ್ಪ ಬಂದವ್ನಾ, ಹೊಂಬಾಳಕ್ಕ?"

"ಒಳಗವ್ನೆ."

"ಹಂಗಾದ್ರೆ ನಾಳೆ ಬತ್ತೀನಿ ಬುಡು."

"ನಾಳೆಯೂ ಬತ್ತಾನೆ. ಬಾ, ಬಂದು ಕೂತ್ಕೊ. ಕೈ ಎತ್ತಿದ್ರೆ ಮಾತ್ರ ನಾನು ಯಾರನ್ನೂ ಕೇಳಕ್ಕೆ ಹೋಗಲ್ಲ, ನೆಟ್ಟಗೆ ಠಾಣೆಗೇ ಹೋಗ್ತೀನಿ."

ಅವನು ಒಳಗೆ ಬಂದು ನಂಜುಂಡಪ್ಪ ಕೂತಿದ್ದ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ಹೊಂಬಾಳಮ್ಮ ಅವನ ಮುಂದೆ ಲೋಟ ಇಟ್ಟು ಸಾರಾಯಿ ಬಗ್ಗಿಸಿ, ಬಾಟ್ಲಿ ವಾಪಸು ತೆಗೆದುಕೊಂಡು ಹೋದಳು.