ಗೇರ್‌ಬಾಕ್ಸಿನ ಕಟಕಟ

ಶಬ್ದ ಕೇಳಿಯೇ ಹಳೇ ಟ್ರ್ಯಾಕ್ಟರಿನ ಕಾಯಿಲೆ ಹೇಳುವುದರಲ್ಲಿ ಕಿವಿ ಮೇಸ್ತ್ರಿ ಎತ್ತಿದ ಕೈ. ಆದರೆ ಎರಡು ವರ್ಷದಿಂದ ಆ ಕಿವಿಗಳೇ ಕೈಕೊಟ್ಟಿದ್ದವು. ಗ್ಯಾರೇಜು ನಡೆಸುವ ಸೊಸೆಗೆ ಇದು ತಿಳಿದರೆ, ‘ಮಾವ, ಇನ್ನು ಮನೇಲಿ ಆರಾಮಾಗಿರಿ’ ಅಂದುಬಿಟ್ಟಾಳು ಎಂಬ ಹೆದರಿಕೆ. ಆರಾಮು ಎಂದರೆ ಮೇಸ್ತ್ರಿಗೆ ಮೈ ಉರಿಯುತ್ತಿತ್ತು. ಈಚೆಗೆ ಅವಳ ಬಾಯಿಯೂ ಜೋರಾಗಿತ್ತು. ಏನಿದ್ದರೂ ಮುಖದೆದುರು ನಿಂತು ಕೂಗಿಯೇ ಹೇಳುತ್ತಿದ್ದಳು.

ಅವರೊಂದು ಉಪಾಯ ಕಂಡುಕೊಂಡಿದ್ದರು. ಮರದ ಕೋಲಿನ ಒಂದು ತುದಿಯನ್ನು ಗೇರ್‌ಬಾಕ್ಸಿಗೆ ಒತ್ತಿ ಇನ್ನೊಂದನ್ನು ಹಲ್ಲಲ್ಲಿ ಕಚ್ಚಿದರೆ, ಶಬ್ದ ದವಡೆಯಿಂದ ನೇರ ತಲೆಯೊಳಕ್ಕೆ! ಯಾರಾದರೂ ಕೇಳಿದರೆ, “ಇದು ಹಳೇ ಕಾಲದ ವಿದ್ಯೆ ಕಣಯ್ಯಾ” ಎಂದು ಜಂಬ ಕೊಚ್ಚುತ್ತಿದ್ದರು.

ಅವತ್ತು ಬಂದದ್ದು ಅರವತ್ತು ವರ್ಷದ ಟ್ರ್ಯಾಕ್ಟರು. ನ್ಯೂಟ್ರಲ್ಲಿನಲ್ಲಿ ನಿಂತಲ್ಲೇ ಗೊಳೋ ಎನ್ನುತ್ತಿತ್ತು. ಕ್ಲಚ್ ತುಳಿದರೆ ಗಪ್‌ಚಿಪ್. ಮೇಸ್ತ್ರಿ ಕೋಲು ಕಚ್ಚಿ, ಕಣ್ಣು ಮುಚ್ಚಿ, ತೀರ್ಪು ಕೊಟ್ಟರು.

“ಕ್ಲಚ್ಚಿಂದ ಒಳಗೆ ಹೋಗೋ ಶಾಫ್ಟಿನ ಬೇರಿಂಗು ಹೋಗಿದೆ. ಅದರ ಕೆಳಗಿನ ಶಾಫ್ಟಿಂದೂ.”

ಸೊಸೆ ಎಣ್ಣೆ ಇಳಿಸಿದರೆ ಅದರಲ್ಲಿ ಮಿಣಮಿಣ ಲೋಹದ ಪುಡಿ. ಬಿಚ್ಚಿದರೆ ಮಾವ ಹೇಳಿದ ಅವೆರಡೇ ಬೇರಿಂಗು, ಗುಂಡುಗಳು ಓಡುವ ದಾರಿಯೆಲ್ಲ ಹಳ್ಳಕೊಳ್ಳ. ಮೂರು ದಿನ ಇಬ್ಬರೂ ಮೈಮುರಿದು ದುಡಿದರು. ಹಳೆಯವನ್ನು ಎಳೆದು ತೆಗೆದು, ಹೊಸವನ್ನು ಎಣ್ಣೆಯಲ್ಲಿ ಬಿಸಿಮಾಡಿ ಶಾಫ್ಟಿಗೆ ಕೂರಿಸಿ, ಎಲ್ಲ ಮುಚ್ಚಿ ಎಂಜಿನ್ ಶುರುಮಾಡಿದರು.

ಮೇಸ್ತ್ರಿ ಕೋಲು ಕಚ್ಚಿದರು. ಗೋಳಾಟ ನಿಂತಿತ್ತು. ಆದರೆ ಸಣ್ಣಗೆ ಕಟಕಟ!

“ಬಿಚ್ಚು,” ಎಂದರು.

“ಮತ್ತೇನು ಬಿಚ್ಚೋದು? ಸರಿಯಾಗೇ ಇದೆಯಲ್ಲ!”

“ಕಟಕಟ ಅಂತಿದೆ ಅಂದ್ರೆ ಬಿಚ್ಚು!”

ಸೊಸೆ ಕೋಲು ಕಿತ್ತುಕೊಂಡು ತನ್ನ ಕಿವಿಗೊತ್ತಿದಳು. ಹುಬ್ಬು ಗಂಟಿಕ್ಕಿತು. “ಎಲ್ಲಿ, ಇನ್ನೊಂದ್ಸಲ ಕಚ್ಚಿ,” ಎಂದು ಮಾವನ ಬಾಯನ್ನೇ ನೋಡಿದಳು. ಆಮೇಲೆ ಟೈರಿಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಮಾವ, ಬೇರಿಂಗು ಗಟ್ಟಿಯಾಗೇ ಕೂತಿದೆ. ಸಡಿಲ ಆಗಿರೋದು ನಿಮ್ಮ ಹಲ್ಲಿನ ಸೆಟ್ಟು! ಗೇರ್‌ಬಾಕ್ಸಿನ ಗಲಾಟೇಲಿ ಅದರ ಕುಣಿತ ಗೊತ್ತಾಗಿರ್ಲಿಲ್ಲ ಅಷ್ಟೆ.”

ಮೇಸ್ತ್ರಿ ಅತ್ತ ತಿರುಗಿ ಸೆಟ್ಟನ್ನು ತೆಗೆದು ಜೇಬಿಗಿಳಿಸಿ, ಬರೀ ವಸಡಿನಲ್ಲಿ ಕೋಲು ಹಿಡಿದರು. ನುಣ್ಣಗೆ ಒಂದೇ ದನಿ, ಜುಂಯ್. ಸಂತೋಷಕ್ಕೆ ಕಣ್ಣು ತುಂಬಿತು. ಮರುಕ್ಷಣವೇ ಅಳುಕು: ಅಂದರೆ ನನಗೆ ಕಿವಿ ಕೇಳಿಸದ್ದು ಇವಳಿಗೆ ಗೊತ್ತಾಯಿತು.

“ಯಾವಾಗಿಂದ ಗೊತ್ತು?” ಬೊಚ್ಚುಬಾಯಲ್ಲಿ ಕೇಳಿದರು.

“ಕೋಲಿನ ಮೇಲೆ ಹಲ್ಲಿನ ಗುರುತು ಬಿದ್ದಾಗಿಂದ. ಎರಡು ವರ್ಷ ಆಯ್ತು.”

ಅವಳು ಯಾಕೆ ಎದುರಿಗೇ ಬಂದು ಕೂಗುತ್ತಿದ್ದಳೆಂಬುದು ಮೇಸ್ತ್ರಿಗೆ ಆಗ ಹೊಳೆಯಿತು. ಬಜಾರಿ ಎಂದು ಮನಸ್ಸಿನಲ್ಲೇ ಬೈದುಕೊಂಡದ್ದಕ್ಕೆಲ್ಲ ನಾಚಿಕೆಯಾಯಿತು.

ಸೊಸೆ ಮತ್ತೆ ಅವರ ಮುಖದೆದುರು ನಿಂತಳು. “ನಾಳೆ ಹೋಗಿ ಸೆಟ್ಟು ಬಿಗಿ ಮಾಡಿಸ್ಕೊಂಡು ಬನ್ನಿ ಮಾವ. ನಾಡಿದ್ದು ಇನ್ನೆರಡು ಟ್ರ್ಯಾಕ್ಟರು ಬರ್ತಿವೆ.”